ಗಿಯರ್‌ಬಾಕ್ಸ್ ಶಾಫ್ಟ್ ತುಂಡಾದರೆ ಬೆಸುಗೆ ಬೇಡ

ಅಡಿಕೆ ಕೊಯ್ಲು ಹತ್ತಿರ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ವರ್ಕ್‌ಶಾಪ್‌ಗಳಿಗೆ ಬಿಡುವಿರುವುದಿಲ್ಲ. ಕಬ್ಬಿಣ ಕತ್ತರಿಸುವ ಹಳೆಯ ಬ್ಯಾಂಡ್‌ಸಾ ಕೈಕೊಡುವುದೂ ಆಗಲೇ. ಮೋಟಾರು ತಿರುಗುತ್ತಿದೆ, ಬೆಲ್ಟ್ ಸರಿಯಿದೆ, ಬ್ಲೇಡ್ ಮಾತ್ರ ಅಲುಗುತ್ತಿಲ್ಲ ಎಂದಾದರೆ ಗಿಯರ್‌ಬಾಕ್ಸ್‌ನ ಕೀ ಕತ್ತರಿಸಿಹೋಗಿರಬಹುದು, ಇಲ್ಲವೇ ಶಾಫ್ಟ್ ತುಂಡಾಗಿರಬಹುದು. ಶಾಫ್ಟ್‌ಗೆ ಬೆಸುಗೆ ಹಾಕಿದರೆ ಅದು ಸೊಟ್ಟಗಾಗುತ್ತದೆ. ಬೆಸುಗೆಯ ಪಕ್ಕದ ಉಕ್ಕು ಪೆಡಸಾಗಿ ಮತ್ತೆ ಬಿರಿಯುತ್ತದೆ. ಹೊಸದನ್ನೇ ಕಡೆಸುವುದು ಲೇಸು.

1. ಮೊದಲು ಸುರಕ್ಷತೆ: ಮೇನ್ ಸ್ವಿಚ್ ಆಫ್ ಮಾಡಿ ಫ್ಯೂಸ್ ಕಿತ್ತಿಡಿ. ಗರಗಸದ ತೋಳಿಗೆ ಗಟ್ಟಿ ಆಸರೆ ಕೊಡಿ. ಬಿಗಿ ಸಡಿಲಿಸಿ, ಚರ್ಮದ ಕೈಗವಸು ಹಾಕಿಕೊಂಡೇ ಬ್ಲೇಡ್ ತೆಗೆಯಿರಿ.

2. ಬಿಚ್ಚುವುದು: ಗಿಯರ್‌ಬಾಕ್ಸ್‌ನ ಎಣ್ಣೆಯನ್ನು ಬಿಳಿ ಬಟ್ಟೆಯಲ್ಲಿ ಸೋಸಿ. ಹೊಂಬಣ್ಣದ ಚೂರು ಕಂಡರೆ ಕಂಚಿನ ಗಿಯರ್ ಕೂಡ ಸವೆದಿದೆ ಎಂದರ್ಥ. ಪ್ರತಿ ಭಾಗದ ಫೋಟೊ ತೆಗೆದು, ಶಿಮ್‌ಗಳನ್ನು ಇದ್ದ ಕ್ರಮದಲ್ಲೇ ಎತ್ತಿಡಿ.

3. ಮುರಿದ ಮುಖ ನೋಡಿ: ನಯವಾದ ಜಾಗದಲ್ಲಿ ಕಮಾನಿನಂಥ ಗೆರೆಗಳಿದ್ದು, ಉಳಿದದ್ದು ಒರಟಾಗಿದ್ದರೆ ಬಿರುಕು ಬಹುದಿನದಿಂದ ಬೆಳೆದಿದೆ. ಅದು ಸಾಮಾನ್ಯವಾಗಿ ಕೀ ಕೂರುವ ಗಾಡಿಯ (ಕೀವೇ) ಮೂಲೆಯಲ್ಲೋ ಶಾಫ್ಟ್‌ನ ಮೆಟ್ಟಿಲಿನಲ್ಲೋ ಹುಟ್ಟುತ್ತದೆ. ಶಾಫ್ಟ್ ತಿರುಚಿಕೊಂಡಿದ್ದರೆ ಬ್ಲೇಡ್ ಸಿಕ್ಕಿಹಾಕಿಕೊಂಡು ಒಮ್ಮೆಲೇ ಭಾರ ಬಿದ್ದಿರಬಹುದು.

4. ಅಳತೆ: ಎರಡೂ ತುಂಡು ಜೋಡಿಸಿ ಉದ್ದ ತೆಗೆದುಕೊಳ್ಳಿ. ಬೇರಿಂಗ್ ಕೂರುವ ಜಾಗ ಸವೆದಿದ್ದರೆ ಅದರ ಅಳತೆ ನಂಬಬೇಡಿ, ಬೇರಿಂಗ್ ನಂಬರ್ ನೋಡಿ. 6205 ಎಂದರೆ ಒಳವ್ಯಾಸ 25 ಮಿ.ಮೀ., 6206 ಎಂದರೆ 30 ಮಿ.ಮೀ.

5. ಲೇತ್ ಕೆಲಸ: ಸಾಮಾನ್ಯ ಶಾಫ್ಟ್‌ಗೆ ಇಎನ್ 8 ಉಕ್ಕು ಸಾಕು, ಭಾರ ಹೆಚ್ಚಿದ್ದರೆ ಇಎನ್ 24. ವರ್ಮ್ ಶಾಫ್ಟಿನಲ್ಲೇ ಕೊರೆದಿದ್ದರೆ ಗಿಯರ್ ಕತ್ತರಿಸುವವರ ಬಳಿಗೇ ಹೋಗಬೇಕು. 25 ಮಿ.ಮೀ. ಬೇರಿಂಗ್ ಜಾಗ 25.002ರಿಂದ 25.015ರೊಳಗಿರಲಿ, ಮೈಕ್ರೋಮೀಟರ್‌ನಲ್ಲೇ ಅಳೆಯಿರಿ. ಮೆಟ್ಟಿಲಿನ ಮೂಲೆ ಚೂಪಾಗಿರದೆ ದುಂಡಗಿರಲಿ, ಆದರೆ ಬೇರಿಂಗ್‌ನ ಅಂಚಿಗೆ ತಾಗಬಾರದು. 25 ಮಿ.ಮೀ. ವ್ಯಾಸದ ಶಾಫ್ಟ್‌ಗೆ ಕೀವೇ 8 ಮಿ.ಮೀ. ಅಗಲ, 4 ಮಿ.ಮೀ. ಆಳ. ಅದನ್ನು ಮೆಟ್ಟಿಲಿನವರೆಗೆ ಎಳೆಯಬೇಡಿ. ಊರಲ್ಲಿ ಮಿಲ್ಲಿಂಗ್ ಯಂತ್ರ ಸಿಗದಿದ್ದರೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಬಹುದು. ಮಾದರಿಗೆ ಹಳೆಯ ತುಂಡು, ಬೇರಿಂಗ್, ಗಿಯರ್ ಮೂರನ್ನೂ ಒಯ್ಯಿರಿ.

6. ಜೋಡಣೆ: ಹೊಸ ಬೇರಿಂಗನ್ನು ಎಣ್ಣೆಯಲ್ಲಿ 80–100 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದರೆ ಸುಲಭವಾಗಿ ಕೂರುತ್ತದೆ. ರಬ್ಬರ್ ಸೀಲಿನ ಬೇರಿಂಗ್‌ಗೆ ಇದು ಬೇಡ. ಒಳರಿಂಗಿಗೆ ಮಾತ್ರ ಪೈಪ್ ತಾಗಿಸಿ ಒತ್ತಿ. ಹೊರರಿಂಗಿಗೆ ಸುತ್ತಿಗೆ ಪೆಟ್ಟು ಬೀಳಬಾರದು. ಆಯಿಲ್ ಸೀಲ್ ಹೊಸದನ್ನೇ ಹಾಕಿ.

7. ಎಣ್ಣೆ, ಪರೀಕ್ಷೆ: ಕಂಚಿನ ಗಿಯರ್‌ಗೆ ಹೊಂದುವ ವರ್ಮ್ ಗಿಯರ್ ಎಣ್ಣೆಯನ್ನೇ ಕೇಳಿ ತನ್ನಿ, ಕೆಲವು ಗಿಯರ್ ಎಣ್ಣೆಗಳಲ್ಲಿನ ಗಂಧಕ ಕಂಚನ್ನು ತಿನ್ನುತ್ತದೆ. ಬ್ಲೇಡ್ ಹಾಕದೆ ಅರ್ಧ ಗಂಟೆ ಓಡಿಸಿ. ಸದ್ದು, ಸೋರಿಕೆ, ವಿಪರೀತ ಬಿಸಿ ಇಲ್ಲದಿದ್ದರೆ ಬ್ಲೇಡ್ ಏರಿಸಿ, ತೆಳು ಪೈಪ್‌ನಿಂದ ಕೆಲಸ ಶುರುಮಾಡಿ.

ಹೊಸ ಶಾಫ್ಟ್ ಬಾಳಬೇಕಾದರೆ ಹಳೆಯದು ಮುರಿದ ಕಾರಣ ಹೋಗಬೇಕು. ಬ್ಲೇಡ್‌ನ ಅತಿ ಬಿಗಿ, ಮೊಂಡು ಹಲ್ಲು, ತೋಳಿನ ಮೇಲೆ ಕೈಯಿಂದ ಒತ್ತುವ ಅಭ್ಯಾಸ ಇವುಗಳನ್ನು ಸರಿಪಡಿಸದೆ ಯಂತ್ರವನ್ನು ಕೆಲಸಕ್ಕೆ ಬಿಡಬೇಡಿ.