ಮೀನಿನ ವಿಟಮಿನ್ ಬಾಟಲಿ ಎಲ್ಲಿಡ್ತೀರಿ?

ತೋಟದ ಜೊತೆಗೆ ಒಂದೆರಡು ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವವರಿಗಾಗಿ ಈ ವಾರದ ಪಾಠ. ನಾನು ನಷ್ಟ ಮಾಡಿಕೊಂಡು ಕಲಿತದ್ದು.

ಎರಡು ವರ್ಷದ ಹಿಂದೆ ಶೆಡ್ಡಿನೊಳಗಿನ ತೊಟ್ಟಿಯಲ್ಲಿದ್ದ ನನ್ನ ಗೋಲ್ಡ್‌ಫಿಶ್ ಮರಿಗಳಲ್ಲಿ ಹಲವಕ್ಕೆ ಬೆನ್ನು ಡೊಂಕಾಯ್ತು. ಅಂಗಡಿಯವರು ಅವನ್ನ ತಗೊಳ್ಳಲಿಲ್ಲ. ತಳಿಯ ದೋಷ ಅಂದುಕೊಂಡೆ. ಆಮೇಲೆ ಕಿಟಕಿಯಲ್ಲಿದ್ದ ವಿಟಮಿನ್ ಬಾಟಲಿ ನೋಡಿದೆ. ತೆರೆದು ಎಂಟು ತಿಂಗಳಾಗಿತ್ತು, ದ್ರವ ಕಂದು ಬಣ್ಣಕ್ಕೆ ತಿರುಗಿತ್ತು. ಟ್ರೈಕೋಡರ್ಮಾ ಪ್ಯಾಕೆಟ್ ನೆರಳಲ್ಲಿಡಿ ಅಂತ ಊರಿಗೆಲ್ಲ ಹೇಳುವವನು ನಾನೇ!

ಯಾಕೆ ಹೀಗಾಗುತ್ತೆ?

ಗೋಲ್ಡ್‌ಫಿಶ್ ಸೇರಿ ಹೆಚ್ಚಿನ ಮೀನುಗಳು ವಿಟಮಿನ್ ಸಿ ತಾವೇ ತಯಾರಿಸಿಕೊಳ್ಳಲಾರವು. ನಾನು ಕೊಡ್ತಿದ್ದದ್ದು ಶೇಂಗಾ ಹಿಂಡಿ, ಅಕ್ಕಿ ತೌಡು ಬೇಯಿಸಿದ ಆಹಾರ. ಅದರಲ್ಲಿ ವಿಟಮಿನ್ ಸಿ ಇಲ್ಲ, ಬಾಟಲಿಯೇ ಗತಿ. ಗಾಳಿ, ಬಿಸಿ, ಬೆಳಕು ತಗುಲಿದರೆ ಈ ವಿಟಮಿನ್ ಬೇಗ ಹಾಳಾಗುತ್ತೆ. ಕೊರತೆಯಾದರೆ ಮರಿಗಳ ಬೆನ್ನುಮೂಳೆ ಬಾಗುತ್ತೆ. ಒಳಸಂತಾನ, ರೋಗದಿಂದಲೂ ಹೀಗಾಗಬಹುದು. ಆದರೆ ನಾನು ಬಾಟಲಿ ಬದಲಿಸಿದ ಮೇಲೆ ಅದೇ ತಾಯಿಮೀನಿನ ಮರಿಗಳು ನೆಟ್ಟಗೆ ಬೆಳೆದವು. ಡೊಂಕಾದವು ಮಾತ್ರ ಸರಿಹೋಗಲಿಲ್ಲ.

ಹೀಗೆ ಮಾಡಿ

1. ಚಿಕ್ಕ ಬಾಟಲಿ ಕೊಳ್ಳಿ. ತೆರೆದ ತಾರೀಖನ್ನು ಅದರ ಮೇಲೇ ಬರೆಯಿರಿ.
2. ಲೇಬಲ್‌ನಲ್ಲಿ ಹೇಳಿದ ಹಾಗೆ ಇಡಿ. ಫ್ರಿಜ್ ಅಂದಿದ್ದರೆ 2ರಿಂದ 8 ಡಿಗ್ರಿ. ಬಾಗಿಲಲ್ಲಿ ಬೇಡ, ಒಳಗಿನ ತಟ್ಟೆಯಲ್ಲಿಡಿ. ಫ್ರೀಜರ್ ಬೇಡ, ಎಣ್ಣೆ ಮತ್ತು ನೀರು ಬೇರೆಯಾಗಬಹುದು.
3. ಮಕ್ಕಳು ಟಾನಿಕ್ ಅಂತ ಕುಡಿದಾರು. ಮುಚ್ಚಳದ ಡಬ್ಬಿಯಲ್ಲಿಟ್ಟು ‘ಮೀನಿನದು’ ಅಂತ ಬರೆಯಿರಿ.
4. ಕಂದು ಗಾಜಿನ ಬಾಟಲಿಯಿಂದ ಬೇರೆ ಬಾಟಲಿಗೆ ಸುರಿಯಬೇಡಿ.
5. ಡ್ರಾಪರ್ ತುದಿ ತೊಟ್ಟಿಯ ನೀರಿಗೆ ತಾಗಬಾರದು. ಕೊಳೆ ಬಾಟಲಿಯೊಳಗೆ ಹೋಗುತ್ತೆ.
6. ಕೀಟನಾಶಕದ ಹತ್ತಿರ ಇಡಬೇಡಿ. ಸಾವಯವ ಅಂತ ಬೇವಿನೆಣ್ಣೆ ಪಕ್ಕದಲ್ಲೂ ಬೇಡ, ಮೀನಿಗೆ ಅದೂ ವಿಷವೇ.

ಬಳಸುವಾಗ

ಬೇಯಿಸಿದ ಆಹಾರ ಪೂರ್ತಿ ಆರಿದ ಮೇಲೆ ಹನಿ ಬೆರೆಸಿ, ಹತ್ತು ನಿಮಿಷ ಬಿಟ್ಟು ಹಾಕಿ. ಆ ಹೊತ್ತಿಗೆ ಬೇಕಾದಷ್ಟೇ ಕಲಸಿ. ನೀರಿಗೆ ಸುಮ್ಮನೆ ಸುರಿದರೆ ಮೀನಿಗೆ ಸೇರುವುದು ಕಡಿಮೆ, ನೀರು ಕೆಡುವುದು ಜಾಸ್ತಿ.

ಬಣ್ಣ ಬದಲಾಗಿದ್ದರೆ, ಮೀನೆಣ್ಣೆ ಇರುವುದಕ್ಕೆ ಕಮಟು ವಾಸನೆ ಬಂದಿದ್ದರೆ, ತಾರೀಖು ಮೀರಿದ್ದರೆ ಎಸೆಯಿರಿ. ಅರ್ಧ ಬಾಟಲಿ ಉಳಿಸಲು ಹೋಗಿ ನಾನು ಕಳೆದುಕೊಂಡದ್ದು ಒಂದು ಬ್ಯಾಚ್ ಮರಿ. ಇವತ್ತೇ ನಿಮ್ಮ ಬಾಟಲಿ ತೆಗೆದು ನೋಡಿ.