ಮೊಕದ್ದಮೆಗೆ ಸಿಕ್ಕಿದ ಪಶುವಿನ ಆರೈಕೆಯ ವೆಚ್ಚ

ಪರರ ಪೈರನ್ನು ಮೇದ ದನವನ್ನು ದೊಡ್ಡಿಗೆ ಹೊಡೆದಲ್ಲಿ, ಅದರ ಒಡೆಯನು ದಂಡದೊಂದಿಗೆ ಮೇವು ನೀರಿನ ಖರ್ಚನ್ನೂ ತೆತ್ತು ಬಿಡಿಸಿಕೊಳ್ಳಬೇಕೆಂಬುದು ರೈತರಿಗೆ ಬಹುಕಾಲದಿಂದ ತಿಳಿದ ವಿಷಯವಾಗಿದೆ. ಪ್ರಾಣಿಹಿಂಸೆಯ ಮೊಕದ್ದಮೆಗೆ ಸಿಕ್ಕಿದ ಪಶುವಿನ ವಿಷಯದಲ್ಲಿಯೂ ಇಂತಹುದೇ ಕ್ರಮವುಂಟೆಂಬುದನ್ನು ಅನೇಕರು ಅರಿಯರು.

1890ರ ಕಾಯಿದೆಗೆ ಬದಲಾಗಿ 1960ರಲ್ಲಿ ಹೊರಟ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯ 11ನೆಯ ಪ್ರಕರಣದಂತೆ, ಹುಣ್ಣು, ರೋಗ ಅಥವಾ ಮುಪ್ಪಿನಿಂದ ಕೆಲಸಕ್ಕೆ ತಕ್ಕುದಲ್ಲದ ಪಶುವನ್ನು ದುಡಿಸುವುದೂ, ಅದಕ್ಕೆ ಸಾಕಷ್ಟು ಮೇವು, ನೀರು, ನೆರಳನ್ನು ಒದಗಿಸದಿರುವುದೂ ಅಪರಾಧ. ಮೊದಲ ಅಪರಾಧಕ್ಕೆ ಆಗ ಗೊತ್ತುಮಾಡಿದ ದಂಡವು 50 ರೂಪಾಯಿಯವರೆಗೆ ಮಾತ್ರ. ಇದು ಅಲ್ಪವೆಂದು ಉದಾಸೀನರಾಗುವವರು 35ನೆಯ ಪ್ರಕರಣವನ್ನೂ ತಿಳಿಯತಕ್ಕದ್ದು. ಅದರ ಸಾರಾಂಶವು ಹೀಗಿದೆ:

1. ಮೊಕದ್ದಮೆಯಲ್ಲಿ ಸೇರಿದ ಪಶುವನ್ನು ಗುಣವಾಗುವವರೆಗೆ ಸರ್ಕಾರವು ನೇಮಿಸಿದ ಆರೈಕೆಯ ಮನೆಯಲ್ಲಿರಿಸುವಂತೆ, ಇಲ್ಲವೆ ಪಿಂಜರಾಪೋಲಿಗೆ ಕಳುಹಿಸುವಂತೆ ಮ್ಯಾಜಿಸ್ಟ್ರೇಟರು ಆಜ್ಞಾಪಿಸಬಹುದು.

2. ಪಶುವನ್ನು ಸಾಗಿಸಿದ ವೆಚ್ಚವನ್ನೂ, ಆರೈಕೆಯ ಮನೆಯಲ್ಲಿ ಅದರ ಪೋಷಣೆ ಮತ್ತು ಚಿಕಿತ್ಸೆಯ ವೆಚ್ಚವನ್ನೂ ಜಿಲ್ಲಾ ಮ್ಯಾಜಿಸ್ಟ್ರೇಟರು ನಿಗದಿಪಡಿಸಿದ ದರದಂತೆ ಒಡೆಯನೇ ಕೊಡತಕ್ಕದ್ದು.

3. ಕೊಡದಿದ್ದಲ್ಲಿ ಆ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲುಮಾಡಬಹುದು.

4. ಗೊತ್ತುಮಾಡಿದ ಅವಧಿಯೊಳಗೆ ಒಡೆಯನು ಪಶುವನ್ನು ಕರೆದೊಯ್ಯದಿದ್ದರೆ, ಮ್ಯಾಜಿಸ್ಟ್ರೇಟರು ಅದನ್ನು ಮಾರಿಸಿ ಬಂದ ಹಣವನ್ನು ವೆಚ್ಚಕ್ಕೆ ಜಮಾಮಾಡಿಸಬಹುದು. ಮಿಕ್ಕ ಹಣವೇನಾದರೂ ಇದ್ದಲ್ಲಿ, ಮಾರಾಟದ ದಿನದಿಂದ ಎರಡು ತಿಂಗಳೊಳಗೆ ಅರ್ಜಿಯಿಟ್ಟು ಒಡೆಯನು ಅದನ್ನು ಪಡೆಯಬಹುದು.

5. ಒಡೆಯನು ಬಡವನೆಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಿದಲ್ಲಿ ಚಿಕಿತ್ಸೆಗೆ ಶುಲ್ಕವಿಲ್ಲ.

ಪಶುಗಳನ್ನು ವಾಹನದಲ್ಲಿ ಸಾಗಿಸುವವರು 2017ರ ನಿಯಮಗಳನ್ನೂ ಗಮನಿಸಬೇಕು. ವಾಹನವು ಅಪರಾಧದಲ್ಲಿ ಸೇರಿದ್ದರೆ ಅದನ್ನೇ ಜಾಮೀನಾಗಿ ಹಿಡಿದಿಡಲಾಗುವುದು. ವಾಹನದ ಒಡೆಯ, ಪಶುಗಳನ್ನು ಕಳುಹಿಸುವವ, ಪಡೆಯುವವ, ಇವರೆಲ್ಲರೂ ವೆಚ್ಚಕ್ಕೆ ಹೊಣೆಗಾರರು.

ಒಬ್ಬ ರೈತನ ಎತ್ತಿನ ಹೆಗಲು ನೊಗದಿಂದ ಹುಣ್ಣಾಗಿದೆಯೆಂದು ಭಾವಿಸಬಹುದು. ಬಿತ್ತನೆಯ ಹದ ತಪ್ಪೀತೆಂದು ಆತನು ಅದನ್ನೇ ಹೂಡುತ್ತಾನೆ. ಎತ್ತು ಆರೈಕೆಯ ಮನೆಗೆ ಹೋದಲ್ಲಿ ದಂಡವು ಒಂದೇ ದಿನದಲ್ಲಿ ತೀರಿದರೂ ಪೋಷಣೆಯ ಲೆಕ್ಕವು ದಿನದಿನಕ್ಕೆ ಬೆಳೆಯುವುದು. ಜೊತೆಯ ಎತ್ತೂ ಕೊಟ್ಟಿಗೆಯಲ್ಲಿ ನಿಲ್ಲುವುದು. ಬಾಡಿಗೆಯ ಎತ್ತಿಗೆ ಹಣ ಬೇಕಾಗುವುದು. ಉಳಿಸಬೇಕೆಂದಿದ್ದ ಹದವೂ ಕಳೆಯುವುದು. ಗಾಯವು ಚಿಕ್ಕದಾಗಿರುವಾಗಲೇ ನೊಗವನ್ನು ಬಿಡಿಸಿ, ಹುಣ್ಣನ್ನು ಶುದ್ಧವಾದ ನೀರಿನಿಂದ ತೊಳೆದು, ಪಶುವೈದ್ಯರಿಗೆ ತೋರಿಸಿ, ಮಾಯುವವರೆಗೆ ವಿಶ್ರಾಂತಿ ಕೊಟ್ಟಿದ್ದರೆ ಈ ನಷ್ಟವೊಂದೂ ಆಗುತ್ತಿರಲಿಲ್ಲ.

ನೊಗದ ಒರಟನ್ನು ಕೆತ್ತಿ ನುಣುಪುಮಾಡುವುದೂ, ಎತ್ತರದಲ್ಲಿ ಸಮನಾದ ಎತ್ತುಗಳನ್ನೇ ಜೊತೆಮಾಡುವುದೂ ಮುನ್ನೆಚ್ಚರಿಕೆಗಳು. ಗಾಡಿಯ ಎತ್ತನ್ನು ದಿನಕ್ಕೆ ಒಟ್ಟು 9 ಗಂಟೆಗೂ, ವಿಶ್ರಾಂತಿಯಿಲ್ಲದೆ 5 ಗಂಟೆಗೂ ಮೀರಿ ದುಡಿಸಬಾರದೆಂದು 1965ರ ನಿಯಮಗಳು ವಿಧಿಸಿವೆ.

ಗ್ರಾಮದ ಮುಖಂಡರು ಈ ಸಂಗತಿಗಳನ್ನು ಉಳುಮೆಯ ಕಾಲಕ್ಕೆ ಮುಂಚೆಯೇ ಓದು ಬಾರದವರಿಗೂ ತಿಳಿಸಬೇಕು. ಪಶುವು ಮಾರಾಟವಾಗಿದ್ದಲ್ಲಿ ಎರಡು ತಿಂಗಳ ಅವಧಿಯನ್ನು ಒಡೆಯನಿಗೆ ನೆನಪಿಸಿ ಅರ್ಜಿ ಬರೆಯಿಸಿಕೊಡುವುದೂ, ಬಡವನಾದಲ್ಲಿ ಅದನ್ನು ಮ್ಯಾಜಿಸ್ಟ್ರೇಟರಿಗೆ ಅರಿಕೆಮಾಡಿಸುವುದೂ ಅವರು ಮಾಡಬಹುದಾದ ಉಪಕಾರ. ಹುಣ್ಣಾದ ಹೆಗಲ ಮೇಲೆ ನೊಗವಿಡದಂತೆ ಸಕಾಲದಲ್ಲಿ ತಡೆಯುವುದು ಅದಕ್ಕಿಂತಲೂ ದೊಡ್ಡ ಉಪಕಾರ.