ಒಂಬತ್ತರಲ್ಲಿ ನೀವು ಯಾರು? ಎನಿಯಾಗ್ರಾಮ್ ಮೂಲಕ ನಿಮ್ಮನ್ನು ಅರಿಯಲು ಹತ್ತು ಸೂತ್ರಗಳು

ಇನ್ನು ಮೇಲೆ ಸಿಟ್ಟು ಮಾಡಿಕೊಳ್ಳುವುದಿಲ್ಲ ಎಂದು ನೂರು ಸಲ ನಿರ್ಧರಿಸಿರುತ್ತೇವೆ. ನೂರಾ ಒಂದನೇ ಸಲವೂ ಅದೇ ಮಾತಿಗೆ, ಅದೇ ಜನರ ಮುಂದೆ ಸಿಡಿಯುತ್ತೇವೆ. ಕೆಲವರಿಗೆ ‘ಆಗಲ್ಲ’ ಅನ್ನಲು ಬಾಯಿಯೇ ಬರುವುದಿಲ್ಲ, ಊರ ಕೆಲಸವನ್ನೆಲ್ಲ ಮೈಮೇಲೆ ಎಳೆದುಕೊಳ್ಳುತ್ತಾರೆ. ಇನ್ನು ಕೆಲವರು ಹತ್ತು ಕೋರ್ಸಿಗೆ ಸೇರಿ ಒಂದನ್ನೂ ಮುಗಿಸುವುದಿಲ್ಲ. ಮನಸ್ಸು ಗಟ್ಟಿಯಿಲ್ಲ ಎಂದು ನಮ್ಮನ್ನು ನಾವೇ ಬೈದುಕೊಂಡು ಸುಮ್ಮನಾಗುತ್ತೇವೆ. ಆದರೆ ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಆ ಕಾರಣವನ್ನು ಹುಡುಕಲು ನೆರವಾಗುವ ಸಾಧನಗಳಲ್ಲಿ ಎನಿಯಾಗ್ರಾಮ್ ಒಂದು. ಮನುಷ್ಯ ಸ್ವಭಾವವನ್ನು ಒಂಬತ್ತು ಬಗೆಯಾಗಿ ವಿಂಗಡಿಸುವ ಈ ಪದ್ಧತಿ, ಪ್ರತಿ ಬಗೆಯ ಬೇರಿನಲ್ಲೂ ಒಂದು ಭಯ ಮತ್ತು ಒಂದು ಆಸೆ ಕುಳಿತಿದೆ ಎನ್ನುತ್ತದೆ. ಸರಿಯಾಗಿ ಬಳಸಿದರೆ, ಅಭ್ಯಾಸಬಲದಿಂದ ಆಗುವ ತಪ್ಪನ್ನು ಅದು ಆಗುತ್ತಿರುವ ಕ್ಷಣದಲ್ಲೇ ಹಿಡಿಯಲು ಕಲಿಯಬಹುದು. ಬಳಸುವ ಕ್ರಮ ಹೀಗಿದೆ.

1. ಮೊದಲು ಇದರ ಹುಟ್ಟು ತಿಳಿಯಿರಿ

‘ಸಾವಿರಾರು ವರ್ಷಗಳ ಗುಪ್ತವಿದ್ಯೆ’ ಎಂದು ಹೇಳಿ ಇದನ್ನು ಮಾರುವವರಿದ್ದಾರೆ. ಮಾತಿಗೆ ಮರುಳಾಗಬೇಡಿ. ವೃತ್ತದ ಮೇಲೆ ಒಂಬತ್ತು ಬಿಂದುಗಳಿರುವ ಈ ಚಿತ್ರವನ್ನು 20ನೇ ಶತಮಾನದ ಆರಂಭದಲ್ಲಿ ಶಿಷ್ಯರಿಗೆ ಕಲಿಸಿದವರು ಆಧ್ಯಾತ್ಮಿಕ ಗುರು ಗುರ್ಜೀಫ್. ಆದರೆ ಅವರು ಅದರಲ್ಲಿ ಸ್ವಭಾವದ ಬಗೆಗಳನ್ನು ಹೇಳಿರಲಿಲ್ಲ. ಬಿಂದುಗಳಿಗೆ ಮನೋವಿಕಾರಗಳನ್ನು ಜೋಡಿಸಿದವರು ಬೊಲಿವಿಯಾ ಮೂಲದ ಆಸ್ಕರ್ ಇಚಾಜೊ. 1970ರಲ್ಲಿ ಚಿಲಿ ದೇಶದ ಅರಿಕಾ ಪಟ್ಟಣದಲ್ಲಿ ಅವರಿಂದ ಕಲಿತ ಮನೋವೈದ್ಯ ಕ್ಲಾಡಿಯೊ ನರಾಂಜೊ, ಅದನ್ನು ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ತಂದು ಮನಶ್ಶಾಸ್ತ್ರದ ಭಾಷೆಯಲ್ಲಿ ವಿವರಿಸಿದರು. ಅಲ್ಲಿಂದ ಜೆಸ್ಯೂಟ್ ಪಾದ್ರಿಗಳ ಕೈಗೆ ಹೋಯಿತು. ಆಮೇಲೆ ಡಾನ್ ರಿಸೊ (1987), ಹೆಲೆನ್ ಪಾಮರ್ (1988) ಬರೆದ ಪುಸ್ತಕಗಳು ಅದನ್ನು ಮನೆಮನೆಗೆ ಮುಟ್ಟಿಸಿದವು. ಅಂದರೆ ಇಂದು ನಾವು ಬಳಸುವ ರೂಪಕ್ಕೆ ಸುಮಾರು ಅರ್ಧ ಶತಮಾನದ ವಯಸ್ಸು. ನಮ್ಮಂಥ ಮನುಷ್ಯರೇ ಕಟ್ಟಿದ್ದು, ಹಾಗಾಗಿ ಪ್ರಶ್ನೆ ಕೇಳುತ್ತಲೇ ಬಳಸಿ.

2. ಒಂಬತ್ತು ಬಗೆಗಳನ್ನು ಅವುಗಳ ಭಯದಿಂದ ಗುರುತಿಸಿ

ಹೆಸರು ನೋಡಿ ಮಾರುಹೋಗಬೇಡಿ, ಒಳಗಿನ ಅಂಜಿಕೆಯನ್ನು ಓದಿ.

- ಒಂದು, ಸುಧಾರಕ: ತಾನು ಕೆಟ್ಟವನಾಗಿಬಿಟ್ಟರೆ, ತಪ್ಪು ಮಾಡಿಬಿಟ್ಟರೆ ಎಂಬ ಭಯ.
- ಎರಡು, ಪರೋಪಕಾರಿ: ಯಾರಿಗೂ ತಾನು ಬೇಡವಾದರೆ ಎಂಬ ಭಯ.
- ಮೂರು, ಸಾಧಕ: ಗೆಲ್ಲದಿದ್ದರೆ ತನಗೆ ಬೆಲೆಯೇ ಇಲ್ಲ ಎಂಬ ಭಯ.
- ನಾಲ್ಕು, ಭಾವಜೀವಿ: ತಾನೂ ಎಲ್ಲರಂತೆ, ತನ್ನದೆನ್ನುವುದು ಏನೂ ಇಲ್ಲ ಎಂಬ ಭಯ.
- ಐದು, ಶೋಧಕ: ಕೈಲಾಗದವನಾಗಿ ಬರಿದಾಗುವ ಭಯ.
- ಆರು, ನಿಷ್ಠಾವಂತ: ಆಸರೆ ತಪ್ಪಿಹೋಗುವ ಭಯ.
- ಏಳು, ಉತ್ಸಾಹಿ: ನೋವಿನಲ್ಲಿ ಸಿಕ್ಕಿಬೀಳುವ ಭಯ.
- ಎಂಟು, ಛಲಗಾರ: ತನ್ನ ಜುಟ್ಟು ಬೇರೆಯವರ ಕೈಗೆ ಹೋಗುವ ಭಯ.
- ಒಂಬತ್ತು, ಶಾಂತಿಪ್ರಿಯ: ಜಗಳವಾಗಿ ಸಂಬಂಧ ಕಡಿದುಹೋಗುವ ಭಯ.

ಓದುವಾಗ ಒಂಬತ್ತೂ ಸ್ವಲ್ಪ ಸ್ವಲ್ಪ ನಿಮ್ಮದೇ ಎನಿಸುತ್ತದೆ, ಅದು ಸಹಜ. ಯಾವುದು ಓದಿದಾಗ ಎದೆ ಚುರ್ ಎನ್ನುತ್ತದೋ ಅಲ್ಲಿ ಗುರುತು ಹಾಕಿಕೊಳ್ಳಿ.

3. ‘ಏನು ಮಾಡಿದೆ’ ಎಂಬುದನ್ನು ಬಿಟ್ಟು ‘ಏಕೆ ಮಾಡಿದೆ’ ಎಂದು ಕೇಳಿ

ಎನಿಯಾಗ್ರಾಮ್‌ನ ಇಡೀ ಸತ್ವ ಈ ಒಂದು ಪ್ರಶ್ನೆಯಲ್ಲಿದೆ. ಶನಿವಾರ ಸಂಜೆ, ಎಲ್ಲರೂ ಬ್ಯಾಗ್ ಎತ್ತಿಕೊಂಡು ಹೊರಡುವ ಹೊತ್ತು. ಮ್ಯಾನೇಜರ್ ಬಂದು ‘ನಾಳೆ ಸ್ವಲ್ಪ ಬಂದು ಆ ರಿಪೋರ್ಟ್ ಮುಗಿಸಿಕೊಡ್ತೀರಾ?’ ಎನ್ನುತ್ತಾರೆ. ನಾಲ್ವರು ‘ಆಗಲಿ ಸರ್’ ಎನ್ನುತ್ತಾರೆ. ಮೊದಲನೆಯವರು ಪರೋಪಕಾರಿ, ತಾನಿಲ್ಲದೆ ಇವರಿಗೆ ನಡೆಯುವುದಿಲ್ಲ ಎಂಬ ಸುಖಕ್ಕಾಗಿ ಒಪ್ಪಿದರು. ಎರಡನೆಯವರು ಸಾಧಕ, ಬಡ್ತಿಯ ಪಟ್ಟಿ ಅವರ ಕಣ್ಣೆದುರಿಗಿದೆ. ಮೂರನೆಯವರು ನಿಷ್ಠಾವಂತ, ಒಲ್ಲೆ ಎಂದರೆ ಮುಂದೆ ಏನಾಗುತ್ತದೋ ಎಂಬ ಆತಂಕ. ನಾಲ್ಕನೆಯವರು ಶಾಂತಿಪ್ರಿಯ. ಅವರ ಮಗನ ಹುಟ್ಟುಹಬ್ಬ ನಾಳೆಯೇ. ಅದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಬಂದು ಹೋಗುವುದೇ ಸುಲಭ ಎನಿಸಿತು. ಹೊರಗಿನಿಂದ ನೋಡಿದರೆ ನಾಲ್ವರದೂ ಒಂದೇ ಉತ್ತರ. ‘ಇಲ್ಲ ಎನ್ನಲು ಕಲಿಯಿರಿ’ ಎಂಬ ಒಂದೇ ಬುದ್ಧಿಮಾತು ನಾಲ್ವರಿಗೂ ನಾಟುವುದಿಲ್ಲ. ಕಾರಣ ಗೊತ್ತಾದರೆ ಮಾತ್ರ ಮದ್ದು ಹಿಡಿಯುತ್ತದೆ.

4. ಪರೀಕ್ಷೆಯ ಫಲಿತಾಂಶವನ್ನೇ ಕೊನೆಯೆಂದು ತಿಳಿಯಬೇಡಿ

ರಿಸೊ ಮತ್ತು ರಸ್ ಹಡ್ಸನ್ ರೂಪಿಸಿದ ಹೆಸರಾಂತ ಪ್ರಶ್ನಾವಳಿಯಲ್ಲಿ 144 ಜೋಡಿ ಹೇಳಿಕೆಗಳಿವೆ, ಪ್ರತಿ ಜೋಡಿಯಲ್ಲೂ ಒಂದನ್ನು ಆರಿಸಬೇಕು. ಅಂತರ್ಜಾಲದಲ್ಲಿ ಹತ್ತು ನಿಮಿಷದ ಪುಕ್ಕಟೆ ಪರೀಕ್ಷೆಗಳೂ ಬೇಕಾದಷ್ಟಿವೆ. ಎಲ್ಲದರಲ್ಲೂ ತೊಡಕು ಒಂದೇ: ನಾವು ಹೇಗಿದ್ದೇವೆ ಎನ್ನುವ ಬದಲು ಹೇಗಿರಬೇಕು ಎಂದುಕೊಂಡಿದ್ದೇವೋ ಹಾಗೆ ಉತ್ತರಿಸುತ್ತೇವೆ. ಕೆಲಸದ ಹುದ್ದೆ ಕಲಿಸಿದ ವರ್ತನೆಯನ್ನೂ ಸ್ವಭಾವ ಎಂದುಕೊಳ್ಳುತ್ತೇವೆ. ಆದ್ದರಿಂದ ಇಪ್ಪತ್ತರ ಆಸುಪಾಸಿನಲ್ಲಿ, ಜವಾಬ್ದಾರಿಗಳು ನಿಮ್ಮನ್ನು ತಿದ್ದುವ ಮೊದಲು, ನೀವು ಹೇಗಿದ್ದಿರಿ ಎಂದು ನೆನಪಿಸಿಕೊಂಡು ಉತ್ತರಿಸಿ. ಹೆಚ್ಚು ಅಂಕ ಬಂದ ಮೂರು ಬಗೆಗಳನ್ನು ಇಟ್ಟುಕೊಂಡು ಒಂದು ತಿಂಗಳು ನಿಮ್ಮನ್ನು ಗಮನಿಸಿ. ಆಮೇಲೆ ತೀರ್ಮಾನಿಸಿ.

5. ಗೊಂದಲವಾದರೆ ಮೂರು ಕೇಂದ್ರಗಳಿಗೆ ಬನ್ನಿ

ಒಂಬತ್ತರಲ್ಲಿ ಆರಿಸುವುದು ಕಷ್ಟವಾದರೆ ಮೂರರಲ್ಲಿ ಆರಿಸಿ. ಛಲಗಾರ, ಶಾಂತಿಪ್ರಿಯ, ಸುಧಾರಕ ಈ ಮೂವರದು ಒಡಲಿನ ಕೇಂದ್ರ, ಅಲ್ಲಿರುವುದು ಸಿಟ್ಟು. ಛಲಗಾರ ಅದನ್ನು ಹೊರಹಾಕುತ್ತಾನೆ, ಶಾಂತಿಪ್ರಿಯ ಮಲಗಿಸಿಬಿಡುತ್ತಾನೆ, ಸುಧಾರಕ ಹಲ್ಲುಕಚ್ಚಿ ನುಂಗುತ್ತಾನೆ. ಪರೋಪಕಾರಿ, ಸಾಧಕ, ಭಾವಜೀವಿ ಹೃದಯ ಕೇಂದ್ರದವರು, ಅವರನ್ನು ಕಾಡುವುದು ನಾಚಿಕೆ, ಅವಮಾನ. ಶೋಧಕ, ನಿಷ್ಠಾವಂತ, ಉತ್ಸಾಹಿ ತಲೆಯ ಕೇಂದ್ರದವರು, ಅವರನ್ನು ಓಡಿಸುವುದು ಭಯ.

ಬಡ್ತಿ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಎಂದು ಗೊತ್ತಾದ ಕ್ಷಣವನ್ನು ಊಹಿಸಿ. ಮೊದಲು ಬರುವ ಮಾತು ಯಾವುದು? ‘ಇದು ಅನ್ಯಾಯ’ ಎಂದರೆ ಒಡಲು. ‘ಜನ ಏನಂದುಕೊಳ್ಳುತ್ತಾರೆ’ ಎಂದರೆ ಹೃದಯ. ‘ಇನ್ನು ಮುಂದೆ ಹೇಗಪ್ಪಾ’ ಎಂದರೆ ತಲೆ. ಯೋಚಿಸಿ ಕೊಡುವ ಉತ್ತರ ಬೇಡ, ಥಟ್ಟನೆ ಬರುವ ಮೊದಲ ಮಾತು ಸಾಕು.

6. ನಿಮ್ಮ ಬಲದ ಬೆನ್ನಿಗೇ ಇರುವ ದೋಷವನ್ನು ನೋಡಿ

ಇಚಾಜೊ ಮತ್ತು ನರಾಂಜೊ ಪ್ರತಿ ಬಗೆಗೂ ಒಂದು ವಿಕಾರವನ್ನು ಹೇಳಿದ್ದಾರೆ. ಸುಧಾರಕನಿಗೆ ಕೋಪ, ಪರೋಪಕಾರಿಗೆ ಗರ್ವ, ಸಾಧಕನಿಗೆ ಸೋಗು, ಭಾವಜೀವಿಗೆ ಮತ್ಸರ, ಶೋಧಕನಿಗೆ ಲೋಭ, ನಿಷ್ಠಾವಂತನಿಗೆ ಭಯ, ಉತ್ಸಾಹಿಗೆ ಎಷ್ಟಾದರೂ ಸಾಲದೆನ್ನುವ ಚಪಲ, ಛಲಗಾರನಿಗೆ ಎಲ್ಲದರಲ್ಲೂ ಅತಿರೇಕ, ಶಾಂತಿಪ್ರಿಯನಿಗೆ ಜಡತೆ. ಕ್ರೈಸ್ತ ಪರಂಪರೆಯ ಏಳು ಮಹಾಪಾಪಗಳಿಗೆ ಸೋಗು ಮತ್ತು ಭಯವನ್ನು ಸೇರಿಸಿದರೆ ಈ ಒಂಬತ್ತರ ಪಟ್ಟಿ ಸಿದ್ಧ. ಅರಿಷಡ್ವರ್ಗದ ಮಾತು ಕೇಳಿ ಬೆಳೆದ ನಮಗೆ ಇದರಲ್ಲಿ ಅರ್ಧ ಪರಿಚಿತವೇ.

ಗಮನಿಸಬೇಕಾದದ್ದು, ಈ ದೋಷ ಗುಣದ ವೇಷದಲ್ಲೇ ಬರುತ್ತದೆ. ಪರೋಪಕಾರಿಯ ಗರ್ವ ‘ನನಗೇನೂ ಬೇಡಪ್ಪ, ನೀವು ಚೆನ್ನಾಗಿದ್ದರೆ ಸಾಕು’ ಎಂದು ಮಾತಾಡುತ್ತದೆ. ಶೋಧಕನ ಲೋಭ ದುಡ್ಡಿನದೇ ಆಗಬೇಕಿಲ್ಲ. ಸಮಯ, ತಿಳಿವಳಿಕೆ, ಒಂದು ಆತ್ಮೀಯ ಮಾತು, ಇವನ್ನೂ ಆತ ಅಳೆದು ತೂಗಿ ಕೊಡುತ್ತಾನೆ. ಜನ ನಿಮ್ಮನ್ನು ಯಾವ ಗುಣಕ್ಕೆ ಹೊಗಳುತ್ತಾರೋ ಅಲ್ಲೇ ಹುಡುಕಿ.

7. ಒತ್ತಡದ ಗೆರೆಯನ್ನು ಮುನ್ಸೂಚನೆಯಾಗಿ ಬಳಸಿ

ಚಿತ್ರದೊಳಗೆ ಎರಡು ಆಕೃತಿಗಳಿವೆ. 3, 6, 9 ಸೇರಿ ಒಂದು ತ್ರಿಕೋನ, ಉಳಿದ ಆರು ಬಿಂದುಗಳು ಸೇರಿ 1-4-2-8-5-7 ಎಂಬ ಸುತ್ತು. ಒಂದನ್ನು ಏಳರಿಂದ ಭಾಗಿಸಿದರೆ ದಶಮಾಂಶದಲ್ಲಿ ಮರಳಿ ಮರಳಿ ಬರುವ ಅಂಕಿಗಳೂ ಇವೇ. ಒತ್ತಡ ಹೆಚ್ಚಿದಾಗ ಪ್ರತಿಯೊಬ್ಬರೂ ಈ ಗೆರೆಯುದ್ದಕ್ಕೂ ಮುಂದಿನ ಬಿಂದುವಿನ ಕೆಟ್ಟ ಗುಣಕ್ಕೆ ಜಾರುತ್ತಾರೆ ಎನ್ನುತ್ತದೆ ಈ ಪದ್ಧತಿ. ಶಿಸ್ತಿನ ಸುಧಾರಕ ‘ನನ್ನನ್ನು ಯಾರೂ ಅರ್ಥ ಮಾಡಿಕೊಳ್ಳಲ್ಲ’ ಎಂದು ಮಂಕಾಗಿ ಕೂರುತ್ತಾನೆ. ಮೃದುವಾದ ಪರೋಪಕಾರಿ ‘ಇಷ್ಟೆಲ್ಲ ಮಾಡಿದ್ದಕ್ಕೆ ಇದೇನಾ?’ ಎಂದು ಅಬ್ಬರಿಸುತ್ತಾನೆ. ಸದಾ ನಗುವ ಉತ್ಸಾಹಿ ಎಲ್ಲದರಲ್ಲೂ ಹುಳುಕು ತೆಗೆಯುತ್ತಾನೆ. ತ್ರಿಕೋನದಲ್ಲಿ 9ರಿಂದ 6ಕ್ಕೆ, 6ರಿಂದ 3ಕ್ಕೆ, 3ರಿಂದ 9ಕ್ಕೆ ಜಾರುವಿಕೆ. ಅದಕ್ಕೇ ಓಡಾಡುತ್ತಲೇ ಇರುವ ಸಾಧಕ ಇದ್ದಕ್ಕಿದ್ದಂತೆ ಮೊಬೈಲ್ ಹಿಡಿದು ಸೋಫಾ ಬಿಟ್ಟೇಳುವುದಿಲ್ಲ.

ನಿಮ್ಮಲ್ಲಿ ಇಂಥ ಬದಲಾವಣೆ ಕಂಡ ದಿನ ದೊಡ್ಡ ತೀರ್ಮಾನ ಮಾಡಬೇಡಿ. ಮೊದಲು ನಿದ್ದೆ, ಊಟ, ಒಂದಿಷ್ಟು ನಡಿಗೆ.

8. ಬೆಳವಣಿಗೆಗೆ ಅದೇ ಗೆರೆಯಲ್ಲಿ ಎದುರು ದಿಕ್ಕಿಗೆ ನಡೆಯಿರಿ

ಬೆಳೆಯುವ ದಾರಿ ಒತ್ತಡದ ದಾರಿಗೆ ವಿರುದ್ಧ. ಸಹಜವಾಗಿ ಬಾರದ ಗುಣವನ್ನು ಬೇಕೆಂದೇ ರೂಢಿಸಿಕೊಳ್ಳಬೇಕು. ಪ್ರತಿಯೊಬ್ಬರಿಗೂ ಒಂದೊಂದು ಸಣ್ಣ ಅಭ್ಯಾಸ:

- ಸುಧಾರಕ ಉತ್ಸಾಹಿಯ ಕಡೆಗೆ: ದಿನಕ್ಕೊಂದು ಕೆಲಸವನ್ನು ‘ಇಷ್ಟು ಸಾಕು’ ಎಂದು ಬಿಡಿ.
- ಪರೋಪಕಾರಿ ಭಾವಜೀವಿಯ ಕಡೆಗೆ: ಕೈ ಚಾಚುವ ಮೊದಲು ‘ನನಗೇನು ಬೇಕು?’ ಎಂದು ಕೇಳಿಕೊಳ್ಳಿ. ವಾರಕ್ಕೊಮ್ಮೆ ನೀವೇ ಯಾರಲ್ಲಾದರೂ ಸಹಾಯ ಕೇಳಿ.
- ಸಾಧಕ ನಿಷ್ಠಾವಂತನ ಕಡೆಗೆ: ಯಾರಿಗೂ ಗೊತ್ತಾಗದಂತೆ ತಂಡಕ್ಕಾಗಿ ಒಂದು ಕೆಲಸ ಮಾಡಿ.
- ಭಾವಜೀವಿ ಸುಧಾರಕನ ಕಡೆಗೆ: ಮನಸ್ಸಿರಲಿ ಇಲ್ಲದಿರಲಿ, ಗೊತ್ತುಮಾಡಿದ ಹೊತ್ತಿಗೆ ಕೆಲಸಕ್ಕೆ ಕುಳಿತುಕೊಳ್ಳಿ.
- ಶೋಧಕ ಛಲಗಾರನ ಕಡೆಗೆ: ಪೂರ್ತಿ ಸಿದ್ಧವಾಗುವ ಮೊದಲೇ ಮೀಟಿಂಗಿನಲ್ಲಿ ಬಾಯಿ ತೆರೆಯಿರಿ.
- ನಿಷ್ಠಾವಂತ ಶಾಂತಿಪ್ರಿಯನ ಕಡೆಗೆ: ಯಾರನ್ನೂ ಕೇಳದೆ ದಿನಕ್ಕೊಂದು ಸಣ್ಣ ತೀರ್ಮಾನ ಮಾಡಿ.
- ಉತ್ಸಾಹಿ ಶೋಧಕನ ಕಡೆಗೆ: ಕೈಯಲ್ಲಿರುವುದು ಮುಗಿಯುವ ತನಕ ಹೊಸದನ್ನು ಮುಟ್ಟಬೇಡಿ.
- ಛಲಗಾರ ಪರೋಪಕಾರಿಯ ಕಡೆಗೆ: ಎದುರಿನವರ ಮಾತು ಮುಗಿಯುವವರೆಗೆ ಕೇಳಿ. ‘ನನಗೂ ಬೇಜಾರಾಗಿದೆ’ ಎಂದು ಒಬ್ಬರ ಹತ್ತಿರವಾದರೂ ಹೇಳಿ.
- ಶಾಂತಿಪ್ರಿಯ ಸಾಧಕನ ಕಡೆಗೆ: ‘ಏನಾದ್ರೂ ಸರಿ’ ಎನ್ನುವುದನ್ನು ನಿಲ್ಲಿಸಿ. ಹೋಟೆಲಿನಲ್ಲಿ ಮಸಾಲೆ ದೋಸೆಯೋ ಇಡ್ಲಿಯೋ ನೀವೇ ಮೊದಲು ಹೇಳಿ.

ಒಂದೇ ಅಭ್ಯಾಸ, ಮೂರು ತಿಂಗಳು. ಒಂಬತ್ತನ್ನೂ ಒಟ್ಟಿಗೆ ಹಿಡಿದರೆ ಯಾವುದೂ ಕೈಗೆ ಹತ್ತುವುದಿಲ್ಲ.

9. ರಾತ್ರಿ ಮೂರು ಸಾಲು ಬರೆಯಿರಿ

ಏನಾಯಿತು, ಮೈಯಲ್ಲಿ ಏನಾಯಿತು, ಯಾವುದಕ್ಕೆ ಹೆದರಿದೆ. ಇಷ್ಟೇ ಬರೆದರೆ ಸಾಕು. ಸುಧಾರಕ ಸ್ವಭಾವದ ಒಬ್ಬ ತಾಯಿಯ ಪುಟ ಹೀಗಿದ್ದೀತು: ‘ಮಗಳು ಲೆಕ್ಕದಲ್ಲಿ 92 ತೆಗೆದಳು. ಉಳಿದ ಎಂಟು ಎಲ್ಲಿ ಹೋಯ್ತು ಅಂದೆ. ದವಡೆ ಬಿಗಿದಿತ್ತು. ಅವಳು ಹಿಂದೆ ಬಿದ್ದರೆ ತಪ್ಪು ನನ್ನದೇ ಆಗುತ್ತದೆ ಅನ್ನುವ ಹೆದರಿಕೆ.’ ಮೂರನೇ ಸಾಲು ಬರೆಯುವಾಗಲೇ ಬೆಳಕು ಬೀಳುತ್ತದೆ: ಸಿಟ್ಟು ಮಗಳ ಮೇಲಿರಲಿಲ್ಲ. ಮೈಯ ಸೂಚನೆಗೆ ವಿಶೇಷ ಗಮನ ಕೊಡಿ, ಮಾತಿಗಿಂತ ಮೊದಲು ದವಡೆ ಬಿಗಿಯುತ್ತದೆ. ಕೆಲವು ವಾರ ಬರೆದವರಿಗೆ ದವಡೆ ಬಿಗಿದಾಗಲೇ ಎಚ್ಚರವಾಗತೊಡಗುತ್ತದೆ. ಆಗ ಬಾಯಿಗೆ ಬರುವ ಮಾತು ‘92! ಶಭಾಷ್ ಕಂದಾ’ ಎಂದಾಗಬಹುದು.

10. ಬೇರೆಯವರಿಗೆ ನಂಬರ್ ಹಚ್ಚಬೇಡಿ, ಪದ್ಧತಿಯ ಮಿತಿ ಮರೆಯಬೇಡಿ

‘ನೀವು ಆರನೇ ನಂಬರ್ ಅಲ್ವೇನ್ರೀ, ಅದಕ್ಕೇ ಎಲ್ಲದಕ್ಕೂ ಹೆದರ್ತೀರಿ’ ಎಂದು ಗಂಡನಿಗೆ ಹೇಳಿದ ಹೆಂಡತಿ ಅವರನ್ನು ಅರಿತಂತಾಗಲಿಲ್ಲ, ಮಾತೇ ನಿಂತುಹೋಯಿತು. ಮಕ್ಕಳಿಗಂತೂ ಹಣೆಪಟ್ಟಿ ಹಚ್ಚಲೇಬೇಡಿ, ಅವರ ಸ್ವಭಾವ ಇನ್ನೂ ರೂಪುಗೊಳ್ಳುತ್ತಿರುತ್ತದೆ. ಕೆಲಸಕ್ಕೆ ಯಾರನ್ನು ತೆಗೆದುಕೊಳ್ಳಬೇಕು, ಯಾರಿಗೆ ಬಡ್ತಿ ಕೊಡಬೇಕು ಎಂಬುದನ್ನು ಇದರಿಂದ ನಿರ್ಧರಿಸುವುದೂ ಅನ್ಯಾಯ.

ವಿಜ್ಞಾನದ ಮಾತನ್ನೂ ಕೇಳಿ. 2021ರಲ್ಲಿ ‘ಜರ್ನಲ್ ಆಫ್ ಕ್ಲಿನಿಕಲ್ ಸೈಕಾಲಜಿ’ಯಲ್ಲಿ ಬಂದ ಒಂದು ಸಮೀಕ್ಷೆ, ಆವರೆಗಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಪುರಾವೆ ಮಿಶ್ರವಾಗಿದೆ ಎಂದಿತು. ಅಂಕಿಅಂಶಗಳಲ್ಲಿ ಒಂಬತ್ತಕ್ಕಿಂತ ಕಡಿಮೆ ಬಗೆಗಳೇ ಸಾಮಾನ್ಯವಾಗಿ ಕಂಡಿವೆ, ಗೆರೆಗಳ ಉದ್ದಕ್ಕೂ ಸಾಗುವ ಮಾತಿಗೆ ಬೆಂಬಲ ತೀರಾ ಕಡಿಮೆ. ಆದ್ದರಿಂದ ಏಳು ಮತ್ತು ಎಂಟನೇ ಸೂತ್ರಗಳನ್ನು ನಿಮ್ಮ ಅನುಭವಕ್ಕೆ ಒಡ್ಡಿ ನೋಡಿ, ಹೊಂದದಿದ್ದರೆ ಬಿಡಿ. ಸಂಶೋಧಕರು ಹೆಚ್ಚು ನೆಚ್ಚುವುದು ‘ಬಿಗ್ ಫೈವ್’ ಎಂಬ ಐದು ಗುಣಗಳ ಮಾದರಿಯನ್ನು. ದಿನಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ಯಾವ ಬಗೆಯ ಪಟ್ಟಿಯೂ ಉತ್ತರವಾಗದು. ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಇಷ್ಟು ಮಿತಿಗಳಿದ್ದರೂ ಈ ಪದ್ಧತಿಗೆ ಬೆಲೆಯಿದೆ ಎಂದು ನಾನು ದೃಢವಾಗಿ ನಂಬುತ್ತೇನೆ. ನಮ್ಮ ಬಗ್ಗೆ ನಾವು ಕೇಳಿಕೊಳ್ಳದ ‘ಏಕೆ’ ಎಂಬ ಪ್ರಶ್ನೆಯನ್ನು ಅದು ಕೇಳಿಸುತ್ತದೆ. ‘ನಾನು ಎಂಟನೇ ಬಗೆ, ನನ್ನ ಮಾತು ಒರಟೇ’ ಎಂದು ಸಮಜಾಯಿಷಿ ಕೊಡಲು ಬಳಸಿದರೆ ನಷ್ಟ ನಿಮಗೇ. ಒರಟು ಮಾತು ಹೊರಬೀಳುವ ಮೊದಲೇ ಅದರ ಹಿಂದಿನ ಭಯವನ್ನು ಗುರುತಿಸಿದರೆ, ಆ ಮಾತನ್ನು ಆಡುವುದೋ ಬಿಡುವುದೋ ಎಂಬ ಆಯ್ಕೆ ನಿಮ್ಮದಾಗುತ್ತದೆ. ಇಂಥ ಆಯ್ಕೆಗಳು ಹೆಚ್ಚಿದಷ್ಟೂ ನೀವು ಯಾವ ಬಗೆ ಎಂದು ಹೇಳುವುದು ಬೇರೆಯವರಿಗೆ ಕಷ್ಟವಾಗುತ್ತದೆ. ಬೆಳೆದಿದ್ದೀರಿ ಎನ್ನಲು ಅದಕ್ಕಿಂತ ಬೇರೆ ಗುರುತು ಬೇಕಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ, ಇಂದು ರಾತ್ರಿಯೇ ಮೊದಲ ಮೂರು ಸಾಲು ಬರೆಯಿರಿ.